ಹನಿಯಕ್ಕನ ಕೈಗುಣ

ಹನಿಯಕ್ಕ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಆದರೆ ಪ್ರಯೋಗಾಲಯದಲ್ಲಿ ಯಾರಾದರೂ ಅವಳ ನಿಜವಾದ ಹೆಸರು ಹಿಡಿದು ಕರೆದರೆ, ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡು ಅವಳು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುತ್ತಾಳೆ. ಅವಳ ಕೆಲಸ ಹನಿ ಇಡುವುದು. ಅಂಗೈಯಷ್ಟೂ ಅಗಲವಿಲ್ಲದ ಪ್ಲಾಸ್ಟಿಕ್ ತಟ್ಟೆಯಲ್ಲಿ ಪೋಷಕ ದ್ರವದ ಸಣ್ಣ ಸಣ್ಣ ಹನಿಗಳನ್ನಿಟ್ಟು, ಆರಿಹೋಗದಂತೆ ಮೇಲೆ ತಿಳಿಯಾದ ಎಣ್ಣೆ ಹೊಯ್ದು, ಎಣ್ಣೆಯಡಿ ಕೂತ ಹನಿಯೊಳಗೆ ಹಂದಿಯ ಭ್ರೂಣಗಳನ್ನು ಇಳಿಬಿಡುವುದು. ಹೇಳಲು ಒಂದು ವಾಕ್ಯ ಸಾಕು; ಕಲಿಯಲು ಅವಳಿಗೆ ವರ್ಷಗಳೇ ಹಿಡಿದಿದ್ದವು.

ಭ್ರೂಣ ಎಂದೊಡನೆ ಮೂತಿ, ಬಾಲ ಇರುವ ಮರಿಯನ್ನು ಊಹಿಸಿಕೊಳ್ಳಬೇಡಿ. ಬರಿಗಣ್ಣಿಗೆ ಅದು ಧೂಳಿನ ಕಣ. ಬೆಳಿಗ್ಗೆ ಕಸಾಯಿಖಾನೆಯಿಂದ ಹಂದಿಗಳ ಅಂಡಾಶಯಗಳು ಬೆಚ್ಚಗಿನ ಉಪ್ಪುನೀರಿನ ಫ್ಲಾಸ್ಕಿನಲ್ಲಿ ಬರುತ್ತವೆ. ಅವುಗಳಿಂದ ಅಂಡಗಳನ್ನು ಸೂಜಿಯಲ್ಲಿ ಹೀರಿ ತೆಗೆದು, ಇನ್‌ಕ್ಯುಬೇಟರ್ ಎಂಬ ಬೆಚ್ಚನೆಯ ಪೆಟ್ಟಿಗೆಯಲ್ಲಿ ಬಲಿಯಲು ಬಿಟ್ಟು, ಆಮೇಲೆ ವೀರ್ಯದೊಂದಿಗೆ ಕೂಡಿಸುತ್ತಾರೆ. ಎಲ್ಲ ಸರಿಹೋದರೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ಕೊನೆಗೆ ಒಳಗೆ ನೀರು ತುಂಬಿದ ಪುಟ್ಟ ಚೆಂಡಾಗುತ್ತದೆ. ಅದನ್ನು ಅಲ್ಲಿಯವರು ಗುಳ್ಳೆ ಎನ್ನುತ್ತಾರೆ. ಗುಳ್ಳೆಯಾದರೆ ಗೆದ್ದಂತೆ. ಆದರೆ ಹೆಚ್ಚಿನವು ಅರ್ಧ ದಾರಿಯಲ್ಲಿ, ಏನೋ ಮರೆತು ಬಂದವರ ಹಾಗೆ ನಿಂತುಬಿಡುತ್ತವೆ. ಯಾಕೆ ನಿಲ್ಲುತ್ತವೆ ಎಂಬ ಪ್ರಶ್ನೆಯಿಂದಲೇ ಆ ಕಟ್ಟಡದಲ್ಲಿದ್ದ ಎಲ್ಲರ ಹೊಟ್ಟೆಪಾಡು ನಡೆಯುತ್ತಿತ್ತು.

ಹನಿಯಕ್ಕ ಇಟ್ಟ ಭ್ರೂಣಗಳು ಮಾತ್ರ ಹಾಗೆ ನಿಲ್ಲುತ್ತಿರಲಿಲ್ಲ. ಎಲ್ಲವೂ ಗುಳ್ಳೆಯಾಗುತ್ತಿದ್ದವು ಎಂದರೆ ಸುಳ್ಳಾದೀತು, ಆದರೆ ಬೇರೆಯವರ ತಟ್ಟೆಗಳಿಗಿಂತ ಅವಳ ತಟ್ಟೆಯಲ್ಲಿ ಯಾವಾಗಲೂ ಹೆಚ್ಚು. ಅದೇ ದ್ರವ, ಅದೇ ಎಣ್ಣೆ, ಅದೇ ಪೆಟ್ಟಿಗೆ. ಕೊನೆಗೆ ಜನ ಅದಕ್ಕೊಂದು ಹೆಸರು ಕೊಟ್ಟು ಸುಮ್ಮನಾದರು: ಅಕ್ಕನ ಕೈಗುಣ. ತೂಗಿ ಅಳೆಯದ ಯಾವುದನ್ನೂ ನಂಬದ ಡಾಕ್ಟರಮ್ಮ ಕೂಡ, ಅಂದರೆ ರೋಗಿಗಳನ್ನಲ್ಲ, ಭ್ರೂಣಗಳನ್ನು ನೋಡುವ, ಆ ಪ್ರಯೋಗಾಲಯದ ಯಜಮಾನತಿ, ಬಂದ ಅತಿಥಿಗಳಿಗೆ "ಇವರೇ ನಮ್ಮ ಹನಿಯಕ್ಕ, ಇವರ ಕೈಗುಣ ದೊಡ್ಡದು" ಎಂದು ನಗುತ್ತಾ ಪರಿಚಯ ಮಾಡಿಕೊಡುತ್ತಿದ್ದರು. ಅತಿಥಿಗಳು ಅವಳ ಕೈಯನ್ನೇ ನೋಡುತ್ತಿದ್ದರು. ಅವಳು ನಾಚಿಕೊಂಡು ಕೈಯನ್ನು ಕೋಟಿನ ಜೇಬಿಗೆ ಇಳಿಸುತ್ತಿದ್ದಳು.

ನಾಚಿಕೆ ಮೇಲಿನದು, ಒಳಗೆ ಹಾಲು ಕುಡಿದಷ್ಟು ಸಂತೋಷ. ಅದಕ್ಕೊಂದು ಕಾರಣವಿತ್ತು. ಅವಳ ಅಮ್ಮ ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಡಾಕ್ಟರು ಯಾರೇ ಇರಲಿ, ಆ ಆಯಾ ಪಾಳಿಯಲ್ಲಿದ್ದರೆ ಹೆರಿಗೆ ಸಲೀಸು ಎಂದು ಸುತ್ತಲ ಬೀದಿಗಳ ಹೆಂಗಸರು ನಂಬಿದ್ದರು. ಬಸ್ಸಿನಲ್ಲಿ ಗುರುತು ಸಿಕ್ಕಿದರೆ ಎದ್ದು ಜಾಗ ಕೊಡುತ್ತಿದ್ದರು. ಅಂಥ ಅಮ್ಮ ತನ್ನ ಒಬ್ಬಳೇ ಮಗಳಿಗೆ ಚಿಕ್ಕಂದಿನಲ್ಲೇ ತೀರ್ಪು ಕೊಟ್ಟಿದ್ದಳು: "ನಿನ್ನ ಕೈಗೆ ಗುಣ ಇಲ್ಲ ಕಣೇ." ಮಗಳು ನಂಬಿದಳು. ಎಷ್ಟು ನಂಬಿದಳೆಂದರೆ ಪಕ್ಕದ ಮನೆಯವರು ಊರಿಗೆ ಹೋಗುವಾಗ ಗಿಡಕ್ಕೆ ನೀರು ಹಾಕು ಎಂದರೂ ಒಪ್ಪುತ್ತಿರಲಿಲ್ಲ. ಇಂಥವಳಿಗೆ ನಡುವಯಸ್ಸಿನಲ್ಲಿ, ಬಿಳಿ ಕೋಟು ಹಾಕಿದವರು ಸಾಕ್ಷಿ ಸಮೇತ ಕೈಗುಣ ಇದೆ ಎಂದರೆ ಹೇಗಾಗಬೇಡ? ಅವತ್ತು ಮನೆಗೆ ಓಡಿ ಬಂದು ಅಮ್ಮನಿಗೆ ಹೇಳಿದ್ದಳು. ಅಮ್ಮ ಕೈಯಲ್ಲಿದ್ದ ಬಟ್ಟೆ ಮಡಚಿಟ್ಟು, "ಯಾರಿಗೆ, ಹಂದಿಗಳಿಗಾ?" ಎಂದಿದ್ದಳು.

ಹೀಗಿರುವಾಗ ಬಂತು ಆ ಶೀಶೆ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡದು, ಒಳಗೆ ಏನೂ ಇಲ್ಲದಂತೆ ಕಾಣುವ ಚೂರು ಬಿಳಿ ಪುಡಿ. ಐಸಿನ ಮಂಕರಿಯಲ್ಲಿ ಅದನ್ನು ಮಗುವಿನಂತೆ ಎತ್ತಿಕೊಂಡು ಬಂದ ಡಾಕ್ಟರಮ್ಮ ಎಲ್ಲರನ್ನೂ ಕರೆದು ತೋರಿಸಿದರು.

"ಇದು ಬೆಳವಣಿಗೆಯ ಅಂಶ," ಎಂದರು. "ಹೊಟ್ಟೆಯೊಳಗೆ ತಾಯಿ ಬರೀ ಊಟ ಹಾಕಲ್ಲ ಅಕ್ಕ. ಬೆಳಿ, ಒಂದು ಎರಡಾಗು, ಹೆದರಬೇಡ ಅಂತ ಹೇಳ್ತಾನೂ ಇರ್ತಾಳೆ. ಬಾಯಲ್ಲಲ್ಲ, ಇಂಥ ಸಣ್ಣ ಸಣ್ಣ ಪ್ರೋಟೀನುಗಳಲ್ಲಿ. ನಮ್ಮ ತಟ್ಟೆಯಲ್ಲಿ ಊಟ ಇದೆ, ಆ ಮಾತಿಲ್ಲ. ಆ ಮಾತು ಹಾಕಿದ್ರೆ ಏನಾಗುತ್ತೆ ಅಂತ ನೋಡೋಣ."

ಹನಿಯಕ್ಕನಿಗೆ ಇದು ಬಹಳ ಹಿಡಿಸಿತು. ಶೀಶೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಮಾತು ಪುಡಿಯಾಗಿರುತ್ತದೆ ಎಂದರೆ ಯಾರಿಗೆ ಕುತೂಹಲ ಹುಟ್ಟುವುದಿಲ್ಲ? ಅವತ್ತಿನಿಂದ ಅವಳು ಎರಡು ಬಗೆಯ ತಟ್ಟೆ ಮಾಡತೊಡಗಿದಳು. ಒಂದರಲ್ಲಿ ಬರಿಯ ದ್ರವ, ಇನ್ನೊಂದರಲ್ಲಿ ಅಂಶ ಬೆರೆಸಿದ ದ್ರವ. ಕೊನೆಯ ದಿನ ಬೆಳೆದವನ್ನು ಎತ್ತಿ, ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲಿಟ್ಟು ಡಾಕ್ಟರಮ್ಮನಿಗೆ ಕೊಡುವುದು, ಅವರು ಎಣಿಸುವುದು.

ಎಣಿಸಿದರು. ವ್ಯತ್ಯಾಸವೇ ಇಲ್ಲ. ಅಂಶ ಇದ್ದ ತಟ್ಟೆಯಲ್ಲೂ ಗುಳ್ಳೆ, ಇಲ್ಲದ ತಟ್ಟೆಯಲ್ಲೂ ಅಷ್ಟೇ ಗುಳ್ಳೆ.

ಮೊದಲು ಅನುಮಾನ ಹೋದದ್ದು ಶೀಶೆಯ ಮೇಲೆ. ಈ ಅಂಶಗಳಿಗೆ ಒಂದು ಕೆಟ್ಟ ಚಾಳಿಯಿದೆ: ಪ್ಲಾಸ್ಟಿಕ್ಕಿನ ಗೋಡೆ ಕಂಡರೆ ಅಂಟಿಕೊಂಡುಬಿಡುತ್ತವೆ, ದ್ರವಕ್ಕೆ ಬರುವುದೇ ಇಲ್ಲ. ಅದಕ್ಕೆ ಬೇರೊಂದು ಅಗ್ಗದ ಪ್ರೋಟೀನು ಬೆರೆಸಿ ಗೋಡೆಗೆ ಅದು ಅಂಟಿಕೊಳ್ಳಲಿ ಎಂದು ಉಪಾಯ ಮಾಡಿದರು. ವ್ಯತ್ಯಾಸವಿಲ್ಲ. ಪದೇ ಪದೇ ಹೆಪ್ಪುಗಟ್ಟಿಸಿ ಕರಗಿಸಿದರೆ ಕೆಡುತ್ತದೆ ಎಂದು ಹೊಸ ಶೀಶೆ ತರಿಸಿ, ಚಿಕ್ಕ ಚಿಕ್ಕ ಪಾಲು ಮಾಡಿ ಇಟ್ಟರು. ಆಗಲೂ ಇಲ್ಲ. ಡಾಕ್ಟರಮ್ಮನ ಮುಖ ದಿನೇದಿನೇ ಸಪ್ಪಗಾಯಿತು. ಈ ಒಂದು ಪ್ರಶ್ನೆ ಹಿಡಿದು ಅವರು ವರ್ಷಗಟ್ಟಲೆ ಓಡಾಡಿದ್ದರು.

ಅಷ್ಟರಲ್ಲಿ ಅಮ್ಮನ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂದು ಹನಿಯಕ್ಕ ರಜೆ ಹಾಕಿದಳು. ಅವಳ ಬದಲಿಗೆ ಪಕ್ಕದ ವಿಭಾಗದಿಂದ ಒಬ್ಬರನ್ನು ಕರೆಸಿಕೊಂಡರು. ನೆತ್ತಿಯಲ್ಲಿ ಕೂದಲು ತೆಳುವಾಗುತ್ತಿದ್ದ, ಮಾತಿಗಿಂತ ಒರಟು ತಮಾಷೆಯೇ ಹೆಚ್ಚಿದ್ದ ಮನುಷ್ಯ. ಮೇಜಿನ ಮೇಲೆ ಪೆನ್ನು, ಚಿಮುಟ, ಊಟದ ಡಬ್ಬಿ, ಎಲ್ಲವನ್ನೂ ಗೆರೆ ಎಳೆದಂತೆ ಜೋಡಿಸುತ್ತಿದ್ದ ಕಾರಣ ಅವರಿಗೆ ಸ್ಕೇಲು ಎಂದೇ ಹೆಸರು.

ಹನಿಯಕ್ಕ ರಜೆ ಮುಗಿಸಿ ಬಂದಾಗ ಡಾಕ್ಟರಮ್ಮ ಕುಣಿಯುವುದೊಂದು ಬಾಕಿ. ಸ್ಕೇಲು ಮಾಡಿದ ತಟ್ಟೆಗಳಲ್ಲಿ ಅಂಶ ಇದ್ದ ಕಡೆ ಗುಳ್ಳೆಗಳು, ಇಲ್ಲದ ಕಡೆ ಹೆಚ್ಚುಕಡಿಮೆ ಮಸಣ. ವ್ಯತ್ಯಾಸ ಎಂದರೆ ಅದು ವ್ಯತ್ಯಾಸ. ಹನಿಯಕ್ಕನೂ ಉತ್ಸಾಹದಿಂದ ಮತ್ತೆ ಮಾಡಿದಳು. ಅವಳ ಕೈಯಲ್ಲಿ ವ್ಯತ್ಯಾಸ ಪುನಃ ಮಾಯವಾಯಿತು.

ಡಾಕ್ಟರಮ್ಮ ಅವಳನ್ನು ತಮ್ಮ ಕೋಣೆಗೆ ಕರೆದು ಕುರ್ಚಿ ಹಾಕಿಸಿದರು. ಕುರ್ಚಿ ಹಾಕಿಸಿದರೆ ಒಳ್ಳೆಯ ಸುದ್ದಿಯಲ್ಲ ಎಂದು ಅವಳಿಗೆ ಗೊತ್ತು.

"ಬೇಜಾರು ಮಾಡ್ಕೋಬೇಡಿ ಅಕ್ಕ. ನಿಮ್ಮ ಕೈಯಲ್ಲಿ ಎಲ್ಲಾನೂ ಬೆಳೆಯುತ್ತೆ, ಅದೇ ಈಗ ತೊಂದರೆ. ಅಂಶ ಹಾಕಿದ್ರೂ ಒಂದೇ, ಬಿಟ್ರೂ ಒಂದೇ. ಈ ಕೆಲಸ ಅವರೇ ಮಾಡ್ಲಿ. ನೀವು ತೊಳೆಯೋ ಕೋಣೆ ನೋಡ್ಕೊಳ್ಳಿ."

"ಎಷ್ಟು ದಿನ?"

ಡಾಕ್ಟರಮ್ಮ ಕಿಟಕಿಯತ್ತ ನೋಡಿ, "ನೋಡೋಣ," ಎಂದರು. ಮೇಲಿನವರ ಬಾಯಲ್ಲಿ 'ನೋಡೋಣ' ಬಂದರೆ ಏನರ್ಥ ಎಂದು ಕೆಲಸ ಮಾಡಿ ಬದುಕುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅತಿಯಾದರೆ ಅಮೃತವೂ ವಿಷ ಎಂಬ ಮಾತನ್ನು ಅವಳು ಕೇಳಿದ್ದಳು, ಆದರೆ ಗುಣ ಹೆಚ್ಚಾಗಿ ಕೆಲಸ ಕಳೆದುಕೊಂಡವರನ್ನು ನೋಡಿರಲಿಲ್ಲ. ತೊಳೆಯುವ ಕೋಣೆಯಲ್ಲಿ ಬಾಟಲಿಗಳು, ಬ್ರಷ್ಷುಗಳು, ಬುಸುಗುಡುವ ಆವಿಯ ಪೆಟ್ಟಿಗೆ, ಒದ್ದೆ ನೆಲ. ಸೂಕ್ಷ್ಮದರ್ಶಕವಿಲ್ಲ. ಅವಳಿಗೆ ಅಳು ಬಂತು, ಅತ್ತಳು. ಮುಖ ತೊಳೆಯಲು ಅಲ್ಲಿ ನೀರಿಗೇನೂ ಕೊರತೆಯಿರಲಿಲ್ಲ.

ಅತ್ತು ಮುಗಿದ ಮೇಲೆ ಅವಳಿಗೊಂದು ಯೋಚನೆ ಹತ್ತಿತು. ಕೈಗುಣ, ಕೈಗುಣ ಎನ್ನುತ್ತಾರಲ್ಲ, ಅದು ಕೈಯಲ್ಲಿ ಎಲ್ಲಿದೆ? ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಕೈಗವಸು ಹಾಕಿಯೇ ಕೆಲಸ ಮಾಡುವುದು; ಗುಣ ಇದ್ದರೂ ಗವಸು ದಾಟಿ ಹೋಗುವುದು ಹೇಗೆ? ಸಾಬೂನು ಬೇರೆಯೇ? ತಾನು ನಿಧಾನವೇ? ಬಾಟಲಿ ಉಜ್ಜುತ್ತಾ ಇದೇ ಯೋಚನೆ. ಕಸಾಯಿಖಾನೆಯಿಂದ ಫ್ಲಾಸ್ಕ್ ತರುವ ಅಣ್ಣನನ್ನೂ ಕೇಳಿದಳು. "ನಾನು ಅವರಿಗೂ ಅದೇ ಕೊಡ್ತೀನಿ, ನಿಮಗೂ ಅದೇ ಕೊಡ್ತಿದ್ದೆ. ಹಂದಿ ಮುಖ ನೋಡಿ ಬಸಿರಾಗಲ್ಲ ಅಕ್ಕ," ಎಂದು ಅವನು ಹೊರಟುಹೋದ.

ಊಟದ ಬಿಡುವಿನಲ್ಲಿ ಅವಳು ಹಳೆಯ ಮೇಜಿನ ಹತ್ತಿರ ಹೋದಳು. ಸ್ಕೇಲು ಒಂದು ತಟ್ಟೆ ಮುಗಿಸುತ್ತಿದ್ದರು.

"ಒಂದು ಸಲ ನೋಡ್ಲಾ?"

"ನಿಮ್ಮದೇ ಮೇಜು, ನೋಡಿ. ದೃಷ್ಟಿ ಮಾತ್ರ ಹಾಕಬೇಡಿ," ಎಂದು ಅವರು ಪಕ್ಕಕ್ಕೆ ಸರಿದರು.

ಹನಿಯಕ್ಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಸ್ಕೇಲು ಹೆಸರಿಗೆ ತಕ್ಕ ಹಾಗೆ ಹನಿಗಳನ್ನು ಸಾಲು ಸಾಲಾಗಿ ಇಟ್ಟಿದ್ದರು, ಪ್ರತಿ ಹನಿಯಲ್ಲಿ ಒಂದೇ ಒಂದು ಭ್ರೂಣ. ಅಷ್ಟಗಲ ನೀರಿನ ನಡುವೆ ಒಂದು ಕಾಳು. ಪಕ್ಕದ ಹನಿಗೂ ಇದಕ್ಕೂ ನಡುವೆ ಎಣ್ಣೆ.

"ಯಾಕೆ ಒಂದೊಂದನ್ನೇ ಇಡ್ತೀರಿ?"

"ಎಣಿಸೋಕೆ ಸುಲಭ. ಯಾಕೆ, ನೀವು ಹೇಗಿಡ್ತಿದ್ರಿ?"

ಅವಳು ಹೇಳಲಿಲ್ಲ. ಅವಳೂ ಹನಿಗಳನ್ನು ಸಾಲಾಗಿಯೇ ಇಡುತ್ತಿದ್ದಳು. ಆದರೆ ಭ್ರೂಣಗಳನ್ನು ಇಳಿಬಿಡುವಾಗ ಎಲ್ಲವನ್ನೂ ನಡುವಿನ ಒಂದೇ ಹನಿಗೆ ಬಿಡುತ್ತಿದ್ದಳು, ಒಂದಕ್ಕೊಂದು ಮೈ ತಾಗುವ ಹಾಗೆ. ಉಳಿದ ಹನಿಗಳು ಖಾಲಿ. ಹಾಗೆ ಮಾಡು ಎಂದು ಯಾರೂ ಕಲಿಸಿರಲಿಲ್ಲ, ಬೇಡ ಎಂದೂ ಹೇಳಿರಲಿಲ್ಲ. ತಟ್ಟೆಗೆ ಇಷ್ಟು ಭ್ರೂಣ ಎಂದು ಲೆಕ್ಕವಿತ್ತು, ಹನಿಗೆ ಎಷ್ಟು ಎಂದಿರಲಿಲ್ಲ. ಕೊನೆಯ ದಿನ ಅವಳೇ ಅವನ್ನು ಎತ್ತಿ ಗಾಜಿನ ಮೇಲಿಡುತ್ತಿದ್ದ ಕಾರಣ ಡಾಕ್ಟರಮ್ಮ ಅದನ್ನು ಕಂಡೇ ಇರಲಿಲ್ಲ. ಯಾಕೆ ಹಾಗೆ ಮಾಡುತ್ತಿದ್ದೆ ಎಂದು ಅವಳನ್ನೇ ಕೇಳಿದರೂ ಉತ್ತರ ಇಷ್ಟೇ: ಒಂದನ್ನೇ ಬಿಟ್ಟು ಮುಚ್ಚಳ ಹಾಕಲು ಮನಸ್ಸು ಬರುತ್ತಿರಲಿಲ್ಲ.

ಈಗ ಅವಳ ಸ್ಥಿತಿ ಅತ್ತ ದರಿ ಇತ್ತ ಪುಲಿ. ಹೇಳದೆ ಇದ್ದರೆ ಮೇಜು ಹೋಗುತ್ತದೆ, ಕೈಗುಣದ ಹೆಸರು ಉಳಿಯುತ್ತದೆ. ಹೇಳಿದರೆ ಮೇಜು ಸಿಕ್ಕೀತು, ಆದರೆ ಕೈಗುಣ ಎಂಬುದು ಬರೀ ಒಂದು ಅಭ್ಯಾಸ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಜೀವಮಾನದಲ್ಲಿ ಸಿಕ್ಕಿದ್ದ ಒಂದೇ ಬಿರುದು. ಅವಳು ಬಾಟಲಿಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಉಜ್ಜಿದಳು. ಹೇಳುವುದು ಬೇಡ ಎಂದು ನಿರ್ಧರಿಸಿದ್ದಳು ಕೂಡ. ಆದರೆ ಅವಳಿಗಿದ್ದ ರೋಗ ಬೇರೆ: ಯಾಕೆ ಎಂದು ತಿಳಿಯದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ. ಒಂದೇ ಹನಿಯಲ್ಲಿ ಇದ್ದರೆ ಬೆಳೆಯುವುದೇಕೆ, ಒಂಟಿಯಾದರೆ ಸಾಯುವುದೇಕೆ? ಸಂಜೆಯೊಳಗೆ ಒದ್ದೆ ಕೈ ಒರೆಸಿಕೊಂಡು ಡಾಕ್ಟರಮ್ಮನ ಬಾಗಿಲು ತಟ್ಟಿದಳು.

ಕೇಳಿಸಿಕೊಂಡ ಡಾಕ್ಟರಮ್ಮ ಹಣೆ ಚಚ್ಚಿಕೊಂಡರು. "ಇಷ್ಟು ವರ್ಷ ಒಂದು ಮಾತು ಹೇಳಲಿಲ್ಲವಲ್ಲ ಅಕ್ಕ."

"ನೀವು ಕೇಳಲಿಲ್ಲವಲ್ಲ."

"ಅದೂ ಸರಿ. ಕೈಗುಣ ಅಂದ್ಬಿಟ್ಟೆ. ಹಾಗಂದ ಮೇಲೆ ಕೇಳೋದೇನು ಉಳಿಯುತ್ತೆ?" ಎಂದು ಅವರು ತಮ್ಮನ್ನೇ ಬೈದುಕೊಂಡು, ಒಂದು ಹಾಳೆ ಎಳೆದುಕೊಂಡು ನಾಲ್ಕು ವೃತ್ತ ಬರೆದರು. ಒಂಟಿ, ಅಂಶವಿಲ್ಲ. ಒಂಟಿ, ಅಂಶವಿದೆ. ಗುಂಪು, ಅಂಶವಿಲ್ಲ. ಗುಂಪು, ಅಂಶವಿದೆ. ಬರೆದು, ಪೆನ್ನು ಕಚ್ಚಿ ಯೋಚಿಸಿ ಹೇಳಿದರು: "ಗುಂಪಿನ ತಟ್ಟೆ ಅವರು ಮಾಡಲಿ. ಒಂಟಿ ತಟ್ಟೆ ನೀವು ಮಾಡಿ. ಕೈಯದೋ ಹನಿಯದೋ ಅಂತ ಆಗ ಗೊತ್ತಾಗುತ್ತೆ."

ಹನಿಯಕ್ಕ ಇದನ್ನು ನಿರೀಕ್ಷಿಸಿರಲಿಲ್ಲ. ಮಾರನೆಯ ದಿನ ಮೇಜಿಗೆ ಕೂತು, ಎಂದಿನಂತೆ ರಬ್ಬರ್ ನಳಿಕೆಯ ತುದಿಯನ್ನು ಹಲ್ಲಲ್ಲಿ ಕಚ್ಚಿ, ಕೂದಲಿನಂಥ ಗಾಜಿನ ಕೊಳವೆಯೊಳಗೆ ಭ್ರೂಣವೊಂದನ್ನು ಉಸಿರಿನಿಂದ ಎಳೆದುಕೊಂಡಳು. ಮೊದಲ ಹನಿಗೆ ಬಿಟ್ಟಳು. ಎರಡನೆಯದನ್ನು ಎರಡನೆಯ ಹನಿಗೆ ಬಿಡಬೇಕು. ಕೈ ತಾನಾಗಿಯೇ ಮೊದಲ ಹನಿಯತ್ತ ಹೋಯಿತು. ಹಿಂದಕ್ಕೆ ತಂದಳು.

"ಅಕ್ಕ, ಮಗುನ ಹಾಸ್ಟೆಲ್ಲಿಗೆ ಬಿಟ್ಟು ಬರೋರ ಹಾಗೆ ಮುಖ ಮಾಡಬೇಡಿ," ಎಂದರು ಪಕ್ಕದಲ್ಲಿದ್ದ ಸ್ಕೇಲು.

"ನಿಮ್ಮ ಕೆಲಸ ನೀವು ನೋಡ್ಕೊಳ್ಳಿ."

"ನನಗೇನು, ನನ್ನದು ಕೂಡುಕುಟುಂಬ. ಎತ್ತಿ ಒಂದೇ ಕಡೆ ಸುರಿದೆ, ಆಯ್ತು."

ಅವಳಿಗೆ ನಗು ಬಂತು, ನಳಿಕೆ ಬಾಯಿಂದ ಜಾರುವುದರಲ್ಲಿತ್ತು. ಆದರೂ ಪ್ರತಿಯೊಂದನ್ನೂ ಒಂಟಿಯಾಗಿ ಬಿಟ್ಟ ಮೇಲೆ ಇನ್ನೊಮ್ಮೆ ಅದನ್ನೇ ನೋಡಿ ಮುಂದಿನದಕ್ಕೆ ಹೋಗುತ್ತಿದ್ದಳು. ಇದೆಂಥ ಹುಚ್ಚು, ಧೂಳಿನಷ್ಟು ಇರುವುದಕ್ಕೆ ಒಂಟಿತನ ಗೊತ್ತಾಗುತ್ತದೆಯೇ ಎಂದು ತನ್ನನ್ನೇ ಗದರಿಕೊಂಡಳು. ಮುಚ್ಚಳ ಹಾಕಿ ಪೆಟ್ಟಿಗೆಯೊಳಗಿಟ್ಟು ಬಾಗಿಲು ಮುಚ್ಚಿದಳು.

ಆಮೇಲಿನ ದಿನಗಳಲ್ಲಿ ಅವಳು ತೊಳೆಯುವ ಕೋಣೆಯಿಂದ ಇನ್‌ಕ್ಯುಬೇಟರಿನ ಮುಂದೆ ಎಷ್ಟು ಸಲ ಸುಳಿದಳೋ ಲೆಕ್ಕವಿಲ್ಲ. ಬಾಗಿಲು ತೆರೆಯುವಂತಿಲ್ಲ, ತೆರೆದರೆ ಒಳಗಿನ ಕಾವು ಹೋಗುತ್ತದೆ. ಸುಮ್ಮನೆ ಅದರ ಲೋಹದ ಬಾಗಿಲ ಮೇಲೆ ಕೈಯಿಟ್ಟು, ಯಾರಾದರೂ ನೋಡಿದರೆ ಧೂಳು ಒರೆಸಿದಂತೆ ಮಾಡುತ್ತಿದ್ದಳು.

ಕೊನೆಯ ದಿನ ಡಾಕ್ಟರಮ್ಮ ತಾವೇ ತಟ್ಟೆಗಳನ್ನು ತೆಗೆದರು. ಒಂಟಿಯಾಗಿ, ಅಂಶವಿಲ್ಲದೆ ಇಟ್ಟವು ಬಹುಪಾಲು ನಿಂತುಹೋಗಿದ್ದವು, ಹನಿಯಕ್ಕನ ಕೈಯಲ್ಲೇ ಇಟ್ಟದ್ದಾದರೂ. ಒಂಟಿಯಾಗಿದ್ದರೂ ಅಂಶ ಸಿಕ್ಕವು ಗುಳ್ಳೆಯಾಗಿದ್ದವು. ಸ್ಕೇಲು ಸುರಿದ ಗುಂಪಿನವು ಅಂಶ ಇದ್ದರೂ ಇಲ್ಲದಿದ್ದರೂ ಸೊಗಸಾಗಿ ಬೆಳೆದಿದ್ದವು. ಡಾಕ್ಟರಮ್ಮ ಮತ್ತೊಮ್ಮೆ ನೋಡಿ, ಮಗದೊಮ್ಮೆ ನೋಡಿ, ಹನಿಯಕ್ಕನಿಗೂ ತೋರಿಸಿದರು.

"ನೋಡಿ ಅಕ್ಕ. ಇವು ತಾವೇ ಚೂರು ಚೂರು ಆ ಅಂಶನ ಹೊರಗೆ ಬಿಡ್ತವೆ ಅನ್ಸುತ್ತೆ. ಒಂದೇ ಇದ್ರೆ ಅಷ್ಟು ದೊಡ್ಡ ಹನಿಯಲ್ಲಿ ಅದು ಕರಗಿ ಹೋಗುತ್ತೆ, ಯಾರಿಗೂ ಕೇಳಿಸಲ್ಲ. ಹತ್ತಿರ ಹತ್ತಿರ ಇದ್ರೆ ಒಂದು ಬಿಟ್ಟಿದ್ದು ಇನ್ನೊಂದಕ್ಕೆ ಸಿಗುತ್ತೆ. ತಾಯಿ ಹೇಳಬೇಕಾದ್ದನ್ನ ಒಂದಕ್ಕೊಂದು ಹೇಳ್ಕೊಳ್ತವೆ. ಅದಕ್ಕೇ ನಿಮ್ಮ ತಟ್ಟೇಲಿ ನನ್ನ ಶೀಶೆಗೆ ಕೆಲಸವೇ ಇರಲಿಲ್ಲ."

ಹನಿ ಹನಿಗೂಡಿದರೆ ಹಳ್ಳ ಎಂದು ಎಲ್ಲರೂ ಶಾಲೆಯಲ್ಲಿ ಓದಿದವರೇ. ಇಲ್ಲಿ ಹನಿ ಒಂದೇ, ಕೂಡಿದ್ದು ಅದರೊಳಗಿನವರು.

"ಹಾಗಾದ್ರೆ ಕೈಗುಣ?" ಎಂದು ಹನಿಯಕ್ಕ ಕೇಳಿದಳು. ಉತ್ತರ ಗೊತ್ತಿದ್ದರೂ ಕೇಳಿದಳು.

ಡಾಕ್ಟರಮ್ಮ ಸುಳ್ಳು ಹೇಳುವವರಲ್ಲ. "ಇಲ್ಲ ಅಕ್ಕ. ಅದು ಕೈಯಲ್ಲಿರಲಿಲ್ಲ," ಎಂದರು. ಆಮೇಲೆ, "ನಾಳೆಯಿಂದ ನಿಮ್ಮ ಮೇಜಿಗೆ ಬನ್ನಿ," ಎಂದೂ ಹೇಳಿದರು.

ಮನೆಗೆ ಹೋಗುವ ದಾರಿಯಲ್ಲಿ ಅವಳಿಗೆ ಸಂತೋಷಪಡಬೇಕೋ ದುಃಖಪಡಬೇಕೋ ತಿಳಿಯಲಿಲ್ಲ. ಮೇಜು ಸಿಕ್ಕಿತು, ಪ್ರಶ್ನೆಗೆ ಉತ್ತರ ಸಿಕ್ಕಿತು, ಆ ಉತ್ತರ ನಿಜಕ್ಕೂ ಚೆಂದವಾಗಿತ್ತು. ಆದರೂ ಕೈ ಖಾಲಿಯಾದಂತೆ ಅನಿಸುತ್ತಿತ್ತು. ಬಸ್ಸಿನ ಕಂಬಿ ಹಿಡಿದ ತನ್ನ ಬೆರಳುಗಳನ್ನು ನೋಡಿಕೊಂಡಳು. ಬರೀ ಬೆರಳುಗಳು.

ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಮನೆಯಲ್ಲಿ ಇಬ್ಬರೇ. ಅಪ್ಪ ಲಾರಿ ಓಡಿಸುತ್ತಾ ಊರೂರು ಸುತ್ತಿ, ಮನೆಗೆ ಬಂದಾಗಲೆಲ್ಲ ನೆಂಟನಂತೆ ಇದ್ದು, ಎಂದೋ ತೀರಿಹೋಗಿದ್ದ. ಮಗಳಿಗೆ ಮದುವೆಯ ಮಾತುಗಳು ಬಂದಿದ್ದವು, ಬಂದ ಹಾಗೆಯೇ ಹೋಗಿದ್ದವು. ಹನಿಯಕ್ಕ ಕೈ ತೊಳೆದು ಕಣ್ಣಿನ ಔಷಧಿಯ ಶೀಶೆ ತಂದಳು. ಕನ್ನಡಕ ತೆಗೆದು, ತಲೆ ಹಿಂದಕ್ಕೆ ಒರಗಿಸಿ, ರೆಪ್ಪೆ ಬಿಡಿಸಿ ಹಿಡಿದು ಒಂದು ಕಣ್ಣಿಗೆ ಹನಿ ಹಾಕಿದಳು.

"ಆಸ್ಪತ್ರೆ ಹುಡುಗಿ ಹಾಕಿದ್ರೆ ಅರ್ಧ ಕೆನ್ನೆಗೆ ಹೋಗ್ತಿತ್ತು," ಎಂದಳು ಅಮ್ಮ. "ನೀನು ಪರವಾಗಿಲ್ಲ."

"ಪರವಾಗಿಲ್ಲ ಅಂತ ಯಾರೂ ಅನ್ನೋ ಹಾಗಿಲ್ಲ ಇನ್ಮೇಲೆ. ನನ್ನ ಕೈಯಲ್ಲಿ ಗುಣ ಇಲ್ಲ ಅಂತ ಇವತ್ತು ಪರೀಕ್ಷೆ ಮಾಡಿ ನೋಡಿದ್ರು. ನೀನು ಹೇಳಿದ್ದೇ ನಿಜ." ಹಾಗೆಂದು ಎಲ್ಲವನ್ನೂ ಹೇಳಿದಳು: ಶೀಶೆ, ಒಂಟಿ ಹನಿ, ಗುಂಪಿನ ಹನಿ, ಒಂದಕ್ಕೊಂದು ಹೇಳಿಕೊಳ್ಳುವುದು.

ಅಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದಳು. ತಮಾಷೆ ಮಾಡುತ್ತಾಳೆ ಎಂದು ಮಗಳು ಕಾದಳು. ಅಮ್ಮ ಮಾಡಲಿಲ್ಲ.

"ನನಗೆ ಇತ್ತು ಅಂದ್ಕೊಂಡಿದೀಯಾ ಕೈಗುಣ?" ಎಂದಳು. "ಏನೂ ಇರಲಿಲ್ಲ. ಬೇರೆ ಆಯಾಗಳು ಹೆಂಗಸರನ್ನ ಮಲಗಿಸಿ ಬಾಗಿಲೆಳೆದು ಚಾ ಕುಡಿಯೋಕೆ ಹೋಗ್ತಿದ್ರು. ನಾನು ಪಕ್ಕದಲ್ಲಿ ಸ್ಟೂಲು ಹಾಕ್ಕೊಂಡು ಕೂತಿರ್ತಿದ್ದೆ. ಅದೂ ಇದೂ ಮಾತಾಡ್ತಿದ್ದೆ. ಒಬ್ಬಳೇ ಇದೀನಿ ಅಂತ ಅವಳಿಗೆ ಅನ್ನಿಸಬಾರದು, ಅಷ್ಟೇ. ಜನ ಅದನ್ನೇ ಕೈಗುಣ ಅಂದ್ರು, ನಾನು ಬೇಡ ಅನ್ನಲಿಲ್ಲ."

"ಮತ್ತೆ ನನಗೆ ಮಾತ್ರ ಗುಣ ಇಲ್ಲ ಅಂತಿದ್ದೆ?"

"ನೀನು ನನ್ನ ಸೆರಗು ಹಿಡ್ಕೊಂಡು ನಾನೂ ಬರ್ತೀನಿ ಅಂತ ಅಳ್ತಿದ್ದೆ. ಬಿಡ್ತಾನೇ ಇರಲಿಲ್ಲ. ನಿನ್ನ ಕೈಗೆ ಗುಣ ಇಲ್ಲ ಕಣೇ, ನೀನು ಬಂದ್ರೆ ಅವರ ಪಾಪುಗಳಿಗೆ ಕೆಟ್ಟದಾಗುತ್ತೆ ಅಂದೆ. ಅವತ್ತಿಂದ ನೀನು ಸೆರಗು ಬಿಟ್ಟೆ. ಒಳಗೆ ಹೋಗಿ ಕೂತ್ಕೊಂಡೆ, ನಾನು ಚಿಲಕ ಹಾಕ್ಕೊಂಡು ಹೋದೆ." ಅಮ್ಮ ತನ್ನ ಸೆರಗಿನ ಅಂಚು ಸರಿಮಾಡಿಕೊಂಡಳು. "ಊರ ಹೆಂಗಸರ ಪಕ್ಕದಲ್ಲೆಲ್ಲ ಕೂತೆ. ಒಂಟಿಯಾಗಿ ಬಿಟ್ಟಿದ್ದು ನಿನ್ನೊಬ್ಬಳನ್ನೇ."

ಹನಿಯಕ್ಕನ ಕೈಯಲ್ಲಿ ಶೀಶೆ ಹಾಗೆಯೇ ಇತ್ತು. ಅವಳಿಗೆ ಆ ಚಿಲಕದ ಸದ್ದು ನೆನಪಾಯಿತು, ಆಮೇಲೆ ಮನೆಯೊಳಗೆ ಉಳಿಯುತ್ತಿದ್ದ ನಿಶ್ಶಬ್ದವೂ. ಕೋಪ ಬಂತು, ಬಂದದ್ದನ್ನು ಅವಳು ಮುಚ್ಚಿಡಲಿಲ್ಲ. "ಎಂಥ ಮಾತು ಹೇಳಿದ್ದೆ ನೀನು. ನಾನು ಗಿಡಕ್ಕೂ ನೀರು ಹಾಕ್ತಿರಲಿಲ್ಲ, ಗೊತ್ತಾ?" ಎಂದಳು.

"ಗೊತ್ತು," ಎಂದಳು ಅಮ್ಮ. "ಇನ್ನೊಂದು ಕಣ್ಣು ಬಾಕಿ ಇದೆ."

ಮಗಳು ಬಗ್ಗಿ, ರೆಪ್ಪೆ ಬಿಡಿಸಿ, ಇನ್ನೊಂದು ಹನಿ ಹಾಕಿದಳು. ಎಂದಿನಂತೆ ಸರಿಯಾಗಿ ಬಿತ್ತು. ಔಷಧಿ ಇಳಿಯುವವರೆಗೆ ಕಣ್ಣು ಮುಚ್ಚಿಕೊಂಡು ಒಂದಷ್ಟು ಹೊತ್ತು ಮಲಗಿರಬೇಕು ಎಂದು ವೈದ್ಯರು ಹೇಳಿದ್ದರು. ಆ ಹೊತ್ತಿನಲ್ಲಿ ದೀಪ ಆರಿಸಿ, ಬಾಗಿಲು ಮುಂದೆ ಮಾಡಿ, ಅಡುಗೆಮನೆಗೆ ಹೋಗುವುದು ಅವಳ ರೂಢಿ. ಇವತ್ತು ಬಾಗಿಲ ತನಕ ಹೋಗಿ, ಅಡುಗೆಮನೆಯ ಸ್ಟೂಲು ಎತ್ತಿಕೊಂಡು ಬಂದು ಮಂಚದ ಪಕ್ಕಕ್ಕೆ ಹಾಕಿದಳು.

"ಒಲೆ ಹಚ್ಚಲ್ವಾ?" ಕಣ್ಣು ಮುಚ್ಚಿಕೊಂಡಿದ್ದ ಅಮ್ಮ ಕೇಳಿದಳು.

"ಹಚ್ತೀನಿ. ಸ್ವಲ್ಪ ಹೊತ್ತು ಇಲ್ಲೇ ಕೂತಿರ್ತೀನಿ," ಎಂದಳು ಹನಿಯಕ್ಕ.